ಅಕ್ಕನ ಮಗನ ರೈಫಲ್

ಲೋರ್ನಾ: ಸರಿ, ಎಲ್ಲಿಂದ ಬಂದ್ರಿ ಅಂದ್ರೆ ಆರೆಗನ್ ಅಂತೀನಿ. ಆರೆಗನ್‌ನಲ್ಲಿ ಯಾವ ಊರು ಅಂತ ಕೇಳಿದ್ರೆ?

ವೆಂಡಲ್: ಅಷ್ಟು ದೂರ ಯಾರೂ ಕೇಳಲ್ಲ.

ಲೋರ್ನಾ: ಇಪ್ಪತ್ತೊಂಬತ್ತು ವರ್ಷ ಫ್ರೆಸ್ನೋದಲ್ಲಿ ಅಂಚೆ ಹಂಚಿದೀಯ. ಅಲ್ಲಿನ ಒಂದೊಂದು ನಾಯಿಗೂ ನಿನ್ನ ಗುರುತಿದೆ.

ವೆಂಡಲ್: ನಾಯಿಗಳು ಐಡಹೊಗೆ ಬರಲ್ಲ. ನೀನು ಬಾಯಿ ಬಿಡದಿದ್ರೆ ಸಾಕು. ಹೋದ ವಾರ ಅಂಗಡಿಯಲ್ಲಿ ಬೆಣ್ಣೆಹಣ್ಣು ಒತ್ತಿ ಒತ್ತಿ ನೋಡ್ತಾ ನಿಂತಿದ್ದೆಯಲ್ಲ, ಗಲ್ಲಾದಲ್ಲಿದ್ದ ಹುಡುಗಿ ಹೇಗೆ ನೋಡಿದಳು ಗೊತ್ತಾ?

ಲೋರ್ನಾ: ಕಲ್ಲಿನ ಹಾಗಿತ್ತು. ಒತ್ತದೆ ಏನು ಮಾಡ್ಲಿ?

ವೆಂಡಲ್: ಆರೆಗನ್‌ನವರು ಹಾಗೆ ಒತ್ತಲ್ಲ.

ಐಡಹೊದ ಪೈನ್ ಫೋರ್ಕ್ ಊರಿನ ಬಂದೂಕಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು ಗಂಡ ಹೆಂಡತಿ ಕಾಲು ಗಂಟೆಯಿಂದ ಹೀಗೆ ಕೂತಿದ್ದರು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಬಿಟ್ಟು ಬಂದು ಏಳು ವಾರ. ಗಾಡಿಯ ನಂಬರ್ ಪ್ಲೇಟನ್ನು ವೆಂಡಲ್ ಪ್ರುಯಿಟ್ ಮೊದಲ ವಾರವೇ ಬದಲಿಸಿದ್ದ. ಉಳಿದದ್ದು ರೈಫಲ್. ಶನಿವಾರ ಊರಿನ ಗುರಿ ಹೊಡೆಯುವವರ ಕ್ಲಬ್ಬು ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ದಿನ. ಅವರವರ ರೈಫಲ್ ತರಬೇಕು, ಹಳೆಯ ಸದಸ್ಯರು ಮೂವರು ಅರ್ಜಿಗೆ ಸಹಿ ಹಾಕಬೇಕು. ಆ ಕ್ಲಬ್ಬು ಬಿಟ್ಟರೆ ಊರಿನಲ್ಲಿ ಗಂಡಸು ಮಾತಾಡಲು ಹೋಗುವ ಜಾಗ ಎಂದರೆ ಹೋಟೆಲು ಒಂದೇ. ಹೋಟೆಲಿನಲ್ಲಿ ದಿನ ಬೆಳಗಾದರೆ ಮಾತು ಒಂದೇ: ಕ್ಯಾಲಿಫೋರ್ನಿಯಾದವರು ಬರುತ್ತಾರೆ, ಮನೆಗಳ ಬೆಲೆ ಏರಿಸುತ್ತಾರೆ, ಆಮೇಲೆ ಟ್ರಾಫಿಕ್ ಸಿಗ್ನಲ್ ಕೇಳುತ್ತಾರೆ. ಕೇಳಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ವೆಂಡಲ್.

ಅಂಗಡಿಯ ಒಡೆಯ ಆರ್ಲೊ ಹೆಗ್‌ಸ್ಟಾಡ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಇಬ್ಬರೂ ಇಳಿದು ಒಳಗೆ ಹೋದರು. ವೆಂಡಲ್ ರೈಫಲ್ಲಿನ ಚೀಲವನ್ನು ಅವನ ಮುಂದಿಟ್ಟು ಜಿಪ್ ಎಳೆದ. ರೈಫಲ್ಲಿನ ಹಿಡಿಯ ಹಿಂದೆ ಮೀನಿನ ರೆಕ್ಕೆಯಂಥ ಅಗಲವಾದ ಪ್ಲಾಸ್ಟಿಕ್ ತುಂಡು. ಹಿಡಿಯ ಸುತ್ತ ಹೆಬ್ಬೆರಳು ಸುತ್ತಬಾರದೆಂದು ಕ್ಯಾಲಿಫೋರ್ನಿಯಾದವರು ಅಲ್ಲಿನ ಕಾನೂನಿಗೆ ಹೆದರಿ ಹಾಕಿಸಿಕೊಳ್ಳುವ ಅಲಂಕಾರ.

ಆರ್ಲೊ: ಓಹೋ.

ವೆಂಡಲ್: ನಂದಲ್ಲ. ಅಕ್ಕನ ಮಗನದು.

ಲೋರ್ನಾ ಗೋಡೆಯ ಮೇಲಿನ ಜಿಂಕೆಯ ತಲೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ವೆಂಡಲ್‌ಗೆ ಅಕ್ಕ ಇರಲಿಲ್ಲ. ತಂಗಿಯೂ ಇರಲಿಲ್ಲ.

ಆರ್ಲೊ: ಎಲ್ಲಿದಾನೆ ಹುಡುಗ?

ವೆಂಡಲ್: ಕ್ಯಾಲಿಫೋರ್ನಿಯಾದಲ್ಲಿ. ಪಾಪ.

ಆರ್ಲೊ: ಏನು ಮಾಡ್ಬೇಕು ಇದಕ್ಕೆ?

ವೆಂಡಲ್: ಈ ರೆಕ್ಕೆ ತೆಗೆದು ಮಾಮೂಲಿ ಹಿಡಿ ಹಾಕಿ. ಭುಜಕ್ಕೆ ಆನಿಸೋ ಬಟ್ಟು ಅಲುಗಾಡದ ಹಾಗೆ ಬಿಗಿದುಬಿಟ್ಟಿದಾರೆ, ಹಿಂದೆ ಮುಂದೆ ಸರಿಯೋ ಅಂಥದ್ದು ಹಾಕಿ. ಮ್ಯಾಗಜೀನು ಹತ್ತು ಗುಂಡಿಂದು. ದೊಡ್ಡದು ಕೊಡಿ.

ಆರ್ಲೊ ಬರೆಯುತ್ತಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟ.

ಆರ್ಲೊ: ಆಗಲ್ಲ ಯಜಮಾನ್ರೇ. ಇದನ್ನ ಹೀಗೆಲ್ಲ ಮಾಡಿ ಅಲ್ಲಿಗೆ ಕಳಿಸಿದ್ರೆ ಹುಡುಗ ಜೈಲಿಗೆ ಹೋಗ್ತಾನೆ. ಆಮೇಲೆ ನಿಮ್ಮ ಅಕ್ಕನಿಗೆ ಯಾವ ಮುಖ ತೋರಿಸ್ತೀರಿ?

ಲೋರ್ನಾ: ಆ ತೊಂದರೆ ಮಾತ್ರ ಬರಲ್ಲ.

ವೆಂಡಲ್: ಅವನು ಇಲ್ಲಿಗೇ ಬರ್ತಿದಾನೆ. ವಾಸಕ್ಕೆ.

ಆರ್ಲೊ: ಯಾವಾಗ?

ವೆಂಡಲ್: ಬಂದಾಯ್ತು.

ಆರ್ಲೊ: ಈಗ ತಾನೇ ಕ್ಯಾಲಿಫೋರ್ನಿಯಾದಲ್ಲಿದಾನೆ ಅಂದ್ರಿ.

ವೆಂಡಲ್: ನೀವು ಪೆನ್ಸಿಲ್ ಹುಡುಕ್ತಾ ಇದ್ರಲ್ಲ, ಆಗ ಇದ್ದ.

ಆರ್ಲೊ: ಬೇಗ ಬಂದ. ದೂರದ ದಾರಿ.

ಲೋರ್ನಾ: ಹದಿಮೂರು ಗಂಟೆ. ಇವನಿಗೆ ಎರಡು ಗಂಟೆಗೊಮ್ಮೆ ಬಚ್ಚಲಿಗೆ ನಿಲ್ಲಿಸ್ಬೇಕು.

ವೆಂಡಲ್: ಇವನಿಗೆ ಅಂದ್ರೆ ಅವನಿಗೆ.

ಆರ್ಲೊ: ವಯಸ್ಸೆಷ್ಟು?

‘ಇಪ್ಪತ್ತಾರು’ ಎಂದು ವೆಂಡಲ್, ‘ಅರವತ್ತಮೂರು’ ಎಂದು ಲೋರ್ನಾ ಒಂದೇ ಉಸಿರಿಗೆ ಹೇಳಿದರು.

ವೆಂಡಲ್: ಹುಡುಗನಿಗೆ ಇಪ್ಪತ್ತಾರು. ಇವಳು ಹೇಳಿದ್ದು ಅಕ್ಕನ ವಯಸ್ಸು.

ಆರ್ಲೊ: ನಿಮಗೆಷ್ಟು?

ವೆಂಡಲ್: ಅರವತ್ತಮೂರು.

ಆರ್ಲೊ: ಅಕ್ಕ ಅಂದ್ರಿ.

ವೆಂಡಲ್: ಅವಳಿ. ಅವಳು ಹತ್ತು ನಿಮಿಷ ದೊಡ್ಡೋಳು.

ಲೋರ್ನಾ: ಇವತ್ತೇ ಹುಟ್ಟಿದ ಹಾಗಿದೆ.

ಆರ್ಲೊ ನಗಲಿಲ್ಲ. ಪೆನ್ಸಿಲ್ಲಿನ ತುದಿಯಿಂದ ಕಿವಿ ಕೆರೆದುಕೊಂಡ.

ಆರ್ಲೊ: ಬಂದಿದಾನೆ ಅಂದ್ಮೇಲೆ ಅವನನ್ನೇ ಕರ್ಕೊಂಡು ಬನ್ನಿ. ಹಿಡಿ ಅಂದ್ರೆ ಕೈ ಅಳತೆ ನೋಡ್ಬೇಕಾಗುತ್ತೆ.

ವೆಂಡಲ್: ಅವನ ಕೈಯೂ ನನ್ನ ಕೈಯೂ ಒಂದೇ ಅಳತೆ.

ಲೋರ್ನಾ: ಕನ್ನಡಕದ ನಂಬರೂ ಒಂದೇ. ಮಂಡಿನೋವೂ ಒಂದೇ ಕಾಲಿಗೆ.

ವೆಂಡಲ್ ಹೆಂಡತಿಯ ಕಡೆ ನೋಡಿದ. ಅವಳು ಮತ್ತೆ ಜಿಂಕೆಯ ಕಡೆ ತಿರುಗಿದಳು. ಆರ್ಲೊ ಇನ್ನೇನೂ ಕೇಳದೆ ರೈಫಲ್ಲನ್ನು ಒಳಗೆ ಒಯ್ದ. ಅರ್ಧ ಗಂಟೆ ಒಳಗಿನಿಂದ ಉಪಕರಣಗಳ ಸದ್ದು ಬಂತು. ಹೊರಗೆ ತಂದಾಗ ಅದು ಊರಿನ ಉಳಿದೆಲ್ಲ ರೈಫಲ್ಲುಗಳ ಹಾಗೇ ಕಾಣುತ್ತಿತ್ತು. ಶನಿವಾರ ಇದನ್ನು ಹಿಡಿದು ಸಾಲಿನಲ್ಲಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ವೆಂಡಲ್‌ಗೆ ಬೇಕಾಗಿದ್ದುದು ಅಷ್ಟೇ.

ಆರ್ಲೊ: ಹಿಡಿದು ನೋಡಿ. ಹುಡುಗನ ಪರವಾಗಿ.

ವೆಂಡಲ್ ಎತ್ತಿ ಭುಜಕ್ಕೆ ಆನಿಸಿದ. ನಾಲ್ಕು ಬೆರಳುಗಳು ಹಿಡಿಯನ್ನು ಹಿಡಿದವು. ಹೆಬ್ಬೆರಳು ಮಾತ್ರ ಪಕ್ಕದಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿತ್ತು.

ಆರ್ಲೊ: ಹೆಬ್ಬೆರಳು ಸುತ್ತಿ.

ವೆಂಡಲ್: ಸುತ್ತಿದೀನಲ್ಲ.

ಆರ್ಲೊ: ಇಲ್ಲ.

ವೆಂಡಲ್ ಇಣುಕಿ ನೋಡಿದ. ಸುತ್ತಿರಲಿಲ್ಲ. ಎಡಗೈಯಿಂದ ಅದನ್ನು ಬಗ್ಗಿಸಿ ಕೂರಿಸಿದ. ಕೈ ಬಿಟ್ಟ ಕೂಡಲೇ ಎದ್ದು ನಿಂತಿತು. ಲೋರ್ನಾ ಬಂದು ತನ್ನೆರಡೂ ಹೆಬ್ಬೆರಳುಗಳಿಂದ, ಬೆಣ್ಣೆಹಣ್ಣು ಒತ್ತುವ ಹಾಗೆ, ಒತ್ತಿ ಹಿಡಿದಳು. ಅವಳು ಬಿಟ್ಟಳು. ಅದು ಎದ್ದಿತು.

ಲೋರ್ನಾ: ಹನ್ನೊಂದು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತೆ? ರೈಫಲ್ ಐಡಹೊಗೆ ಬಂತು, ನಿನ್ನ ಹೆಬ್ಬೆರಳು ಇನ್ನೂ ಫ್ರೆಸ್ನೋದಲ್ಲೇ ಇದೆ.

ಲೋರ್ನಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ವೆಂಡಲ್ ರೈಫಲ್ಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಶನಿವಾರ, ಮೂರು ಸಹಿ, ಹೋಟೆಲಿನ ಮೂಲೆಯ ಮೇಜು, ಎಲ್ಲ ಅಲ್ಲಿಗೆ ಮುಗಿದಂತಾಯಿತು.

ವೆಂಡಲ್: ನನಗೆ ಅಕ್ಕ ಇಲ್ಲ.

ಆರ್ಲೊ: ಗೊತ್ತು.

ಆರ್ಲೊ ಬಗ್ಗಿ ಮೇಜಿನ ಕೆಳಗಿನಿಂದ ಒಂದು ಬಕೆಟ್ಟನ್ನು ಎಳೆದ. ಅದರ ತುಂಬ ಪ್ಲಾಸ್ಟಿಕ್ ರೆಕ್ಕೆಗಳು. ಕಪ್ಪು, ಬೂದು, ಒಂದು ಗುಲಾಬಿ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಲೋರ್ನಾ ಒಂದೊಂದಾಗಿ ಎತ್ತಿ ಓದಿದಳು.

ಲೋರ್ನಾ: ಅಣ್ಣನ ಮಗ. ಅಳಿಯ. ಅಣ್ಣನ ಮಗ. ಪಕ್ಕದ ಮನೆ ಬಾಡಿಗೆಯವನು. ಸತ್ತುಹೋದ ಗೆಳೆಯ. ಈ ಗುಲಾಬಿದು ಯಾರದು, ಭಾವಮೈದುನ ಅಂತಿದೆ?

ಆರ್ಲೊ: ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತು ಕ್ಯಾಲಿಫೋರ್ನಿಯಾದವರನ್ನ ಬೈತಾರಲ್ಲ, ದಪ್ಪ ಮೀಸೆಯವರು. ಅವರ ಭಾವಮೈದುನನದು.

ವೆಂಡಲ್: ಅವರಿಗೆ ಮದುವೇನೇ ಆಗಿಲ್ಲ. ಅವರೇ ಹೇಳಿದ್ರು. ಒಬ್ಬನೇ ಮಗನಂತೆ ಬೇರೆ.

ಆರ್ಲೊ: ನಾನು ಅಷ್ಟೆಲ್ಲ ಕೇಳೋಕೆ ಹೋಗಲ್ಲ.

ವೆಂಡಲ್‌ನ ರೆಕ್ಕೆಗೆ ಚೀಟಿ ಕಟ್ಟಿ, ‘ಅಕ್ಕನ ಮಗ’ ಎಂದು ದುಂಡಗೆ ಬರೆದು ಬಕೆಟ್ಟಿಗೆ ಹಾಕಿದ. ಆಮೇಲೆ ಡ್ರಾಯರಿನಿಂದ ಕ್ಲಬ್ಬಿನ ಅರ್ಜಿ ತೆಗೆದ.

ಆರ್ಲೊ: ಮೊದಲ ಸಹಿ ನಂದು. ಇನ್ನೆರಡನ್ನ ಬಕೆಟ್ಟಿನಲ್ಲಿ ಆರಿಸ್ಕೊಳ್ಳಿ. ‘ಹಿಂದಿನ ವಾಸ’ ಅಂತಿದೆಯಲ್ಲ, ಅಲ್ಲಿ ಎಲ್ಲರೂ ಬರೆಯೋದನ್ನೇ ಬರೀರಿ.

ವೆಂಡಲ್: ಎಲ್ಲರೂ ಏನು ಬರೀತಾರೆ?

ಆರ್ಲೊ: ಆರೆಗನ್.

ವೆಂಡಲ್ ಬರೆದ. ಅಕ್ಷರ ಚೆನ್ನಾಗಿಯೇ ಬಂತು. ಆರ್ಲೊ ರೈಫಲ್ಲನ್ನು ಚೀಲಕ್ಕೆ ಹಾಕಲೆಂದು ಎತ್ತಿಕೊಂಡ. ಲೋರ್ನಾ ಅವನ ಕೈಯನ್ನೇ ನೋಡುತ್ತಿದ್ದಳು. ನಾಲ್ಕು ಬೆರಳುಗಳು ಹಿಡಿಯ ಸುತ್ತ. ಹೆಬ್ಬೆರಳು ನೆಟ್ಟಗೆ ಮೇಲಕ್ಕೆ.

ಲೋರ್ನಾ: ನೀವು ಎಲ್ಲಿಯವರು, ಆರ್ಲೊ?

ಆರ್ಲೊ: ನಾನಾ? ಆರೆಗನ್.

ಲೋರ್ನಾ: ಆರೆಗನ್‌ನಲ್ಲಿ ಯಾವ ಊರು?

ಆರ್ಲೊ ಚೀಲದ ಜಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ಎಳೆದ.

ಆರ್ಲೊ: ಒಂಬತ್ತು ವರ್ಷ ಆಯ್ತು ಮೇಡಂ. ಅಷ್ಟು ದೂರ ಯಾರೂ ಕೇಳಿರಲಿಲ್ಲ.