ಸಂತಾನ ನಿಯಂತ್ರಣಕ್ಕೊಂದು ಟೀವಿ

ವಿಜ್ಞಾನ ಬಲ್ಲ ಮನುಷ್ಯ ಯಃಕಶ್ಚಿತ್ ಬೆಕ್ಕಿಗೆ ಸೋಲುವುದುಂಟೇ! ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿದ್ದ ಬ್ಯಾಂಕ್ ಆಫೀಸರ್ ಶ್ರೀಕಂಠಯ್ಯ ಅಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಘೋಷಿಸಿದರು:

"ಗಿರಿಜಾ, ಇನ್ನು ಚಿನ್ನಿ ಮರಿ ಹಾಕೋದಿಲ್ಲ!"

ಈ ವೀರಾವೇಶಕ್ಕೆ ಕಾರಣವಿತ್ತು. ಮನೆಯೊಡತಿ ಸೂರ್ಯಕಾಂತಮ್ಮನವರ ಎಮ್ಮೆ ಗಬ್ಬ ನಿಲ್ಲದೆ ಹಿತ್ತಲಲ್ಲಿ ಸುಮ್ಮನೆ ಮೇಯುತ್ತಿತ್ತು. ಆಕೆ ಕೊಂಡು ತಂದ ಹಾಲಿಗೆ ಇವರ ಬೆಕ್ಕು ಚಿನ್ನಿಯ ಮರಿಗಳು ಬಾಯಿ ಹಾಕಿದ್ದವು. ಇನ್ನೊಂದು ಮರಿ ಹುಟ್ಟಿದರೆ ಮನೆ ಖಾಲಿ ಮಾಡಬೇಕು! ಆಕೆ ಗುಡುಗಿದ್ದು ತೆಲುಗಿನಲ್ಲಾದರೂ ಅರ್ಥವಾಗದೇ ಇರುವಂಥದ್ದಾಗಿರಲಿಲ್ಲ.

"ಆಪರೇಷನ್ ಮಾಡಿಸ್ತೀರಾ?"

"ಆಪರೇಷನ್ ಯಾಕೆ? ಟೀವಿ ಇದೆಯಲ್ಲ!"

ಶ್ರೀಕಂಠಯ್ಯ ಬ್ಯಾಂಕಿನಲ್ಲಿ ಅರ್ಧ ಲೇಖನ ಓದಿದ್ದರು. ಉಳಿದರ್ಧದಲ್ಲಿ ಯಾರೋ ಬಜ್ಜಿ ಕಟ್ಟಿಕೊಂಡು ಹೋಗಿದ್ದರು. ಟೀವಿಯ ಸುತ್ತಲೂ ಇರುವಂಥ ವಿದ್ಯುತ್ಕಾಂತ ಕ್ಷೇತ್ರದಲ್ಲಿಟ್ಟ ಇಲಿಗಳ ಹಾರ್ಮೋನು ಏರುಪೇರಾಗಿ ಮರಿಗಳು ಕಡಿಮೆಯಾದವಂತೆ.

"ಇಲಿಗಾದದ್ದು ಬೆಕ್ಕಿಗಾಗೋಲ್ವೆ? ಹೇಗೂ ಬಿಸಿಗೆ ಅದು ಮಲಗೋದು ಟೀವಿ ಮೇಲೇ. ದಿನವಿಡೀ ಹಾಕಿಡು!"

"ಇಲಿಗೆ ಬೆಕ್ಕು ಸಿಕ್ಕರೂ ಮರಿ ಕಡಿಮೆಯಾಗತ್ತೆ. ಬೆಕ್ಕಿಗೇನಾಗತ್ತೆ?"

ಇಂಥ ಪ್ರಶ್ನೆಗಳಿಗೆ ವಿಜ್ಞಾನ ಉತ್ತರಿಸುವುದಿಲ್ಲ. ಅಂದಿನಿಂದ ಕಾರ್ಯಕ್ರಮವಿಲ್ಲದಾಗಲೂ ಟೀವಿ ಭುಸುಗುಟ್ಟಿತು. ಚಿನ್ನಿ ಅದರ ಮೇಲೆ ಮಹಾರಾಣಿಯಂತೆ ಪವಡಿಸಿತು. ಶ್ರೀಕಂಠಯ್ಯ ಸೂರ್ಯಕಾಂತಮ್ಮನವರನ್ನೂ ಕರೆದು ತೋರಿಸಿ ಬೀಗಿದರು. ಕ್ರಮೇಣ ಚಿನ್ನಿ ದಪ್ಪಗಾಯಿತು.

"ನೋಡು, ಹಾರ್ಮೋನು ಕೆಟ್ಟು ಊದಿಕೊಂಡಿದೆ!"

"ಹೊಟ್ಟೆ ಮಾತ್ರ ಊದಿದೆ ರೀ."

ಆ ಭಾನುವಾರ ಪೌರಾಣಿಕ ಧಾರಾವಾಹಿ ನೋಡಲು ಸೂರ್ಯಕಾಂತಮ್ಮ ಊದುಬತ್ತಿ ಹಿಡಿದು ಬಂದರು. ಟೀವಿಯ ಮೇಲೆ ಬೆಕ್ಕಿರಲಿಲ್ಲ. ಕುಣಿಯುತ್ತಿದ್ದ ಚಿತ್ರಕ್ಕೆ ಸ್ಟೆಬಿಲೈಸರ್ ಸರಿಮಾಡಲು ಶ್ರೀಕಂಠಯ್ಯ ಸ್ಟ್ಯಾಂಡಿನ ಕೆಳಗಿನ ಅರೆತೆರೆದ ಬಾಗಿಲು ಎಳೆದು ಕೈಯಿಟ್ಟರು. ಬೆಚ್ಚಗೆ, ಒದ್ದೆಯಾಗಿ ಏನೋ ತಗುಲಿ ಕಿಚಕಿಚ ಎಂದಿತು. ಕರೆಂಟ್ ಹೊಡೆದವರಂತೆ ಹಿಂದಕ್ಕೆ ಬಿದ್ದರು.

ಆರು ಮರಿ!

"ಗಿರಿಜಾ! ಇದು ಹೇಗೆ ಸಾಧ್ಯ?"

"ನನ್ನನ್ನೇನು ಕೇಳ್ತೀರಿ? ಬಜ್ಜಿ ತಿಂದವರನ್ನ ಕೇಳಿ!"

ಸೂರ್ಯಕಾಂತಮ್ಮನವರ ಬಾಯಿ ತೆರೆದದ್ದು ತೆರೆದೇ ಇತ್ತು. ಶ್ರೀಕಂಠಯ್ಯ ಮನಸ್ಸಿನಲ್ಲೇ ಹಾಸಿಗೆ ಸುತ್ತಿ, ಪಾತ್ರೆ ಮೂಟೆ ಕಟ್ಟಿ, ಮೂರು ಮಕ್ಕಳನ್ನು ಲಾರಿ ಹತ್ತಿಸಿದರು. ಆದರೆ ಆಕೆ ಊದುಬತ್ತಿಯನ್ನು ಭಕ್ತಿಯಿಂದ ಟೀವಿಯ ಮುಂದೆ ಸಿಕ್ಕಿಸಿ, ಕೈಮುಗಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶುರುವಿಟ್ಟರು:

"ಬಾಬೂ, ಹೋದ ಸಲ ನಾಲ್ಕೇ ಕದಾ, ಅಲ್ವಾ? ಟೀವಿ ಮೇಲೆ ಮಲಗಿಸಿದ್ದಕ್ಕೆ ಆರು! ಸಿಂಹಾಚಲಂ ಅಪ್ಪನ್ನ ಸ್ವಾಮಿಗೆ ಹರಕೆ ಹೊತ್ತರೂ ನಮ್ಮ ಎಮ್ಮೆ ಗಬ್ಬ ನಿಲ್ಲಲಿಲ್ಲ. ಈ ಟೀವಿ ಕೊಟ್ಟಿಗೆಗೆ ತನ್ನಿ. ಗಬ್ಬ ನಿಂತರೆ ಮರಿಗಳೂ ಇರಲಿ, ನೀವೂ ಇರಿ. ಇಲ್ಲಾಂದ್ರೆ ಎಲ್ಲರೂ ಖಾಲಿ ಮಾಡಿ!"

ಅಂದಿನಿಂದ ಸಂಜೆ ಬ್ಯಾಂಕಿನಿಂದ ಬಂದವರೇ ಶ್ರೀಕಂಠಯ್ಯ ಕೊಟ್ಟಿಗೆಯಲ್ಲಿ ಆ್ಯಂಟೆನಾ ಹಿಡಿದು ಕೂರತೊಡಗಿದರು. ಎಮ್ಮೆ ಮೆಲುಕು ಹಾಕುತ್ತಾ ಕೃಷಿ ಕಾರ್ಯಕ್ರಮ ನೋಡುತ್ತಿತ್ತು. 'ಸ್ವಾಮೀ ಅಪ್ಪನ್ನ, ನಾನು ಓದಿದ ಲೇಖನ ಪೂರ್ತಿ ಸುಳ್ಳಾಗಲಪ್ಪಾ!' ಎಂದು ನಮ್ಮ ಈ ವಿಜ್ಞಾನಿಗಳು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದರು.

ಹಿತ್ತಲ ಬಾಗಿಲಿನಿಂದ ಗಿರಿಜಾ ಕೂಗಿದರು:

"ರೀ, ಟೀವಿಯಿಂದ ಸ್ವಲ್ಪ ದೂರ ಕೂತ್ಕೊಳ್ಳಿ! ನಮಗೆ ಇರೋ ಮೂರೇ ಸಾಕು!"