ಗೌಡರ ನೀರಿನ ಮಾತ್ರೆ ಮತ್ತು ಕುತ್ತಿಗೆಯ ಗ್ರಂಥಿ

ಪಣಕ್ಕಿದ್ದದ್ದು ಒಂದು ಕುತ್ತಿಗೆ. ಅದನ್ನು ಕೊಯ್ಯಬೇಕಾಗಿ ಬಂದರೆ ಮೂವತ್ತು ಸಾವಿರ ಆಗುತ್ತದೆಂದು ಮೈಸೂರಿನಲ್ಲಿ ಹೇಳಿದ್ದರು. ಕುತ್ತಿಗೆ ಹೆಮ್ಮರಗಾಲದ ಗೌಡರೊಬ್ಬರದು. ಮನೆಯಲ್ಲಿ ಆರು ಹಸು, ತಿಂಗಳಿಗೊಮ್ಮೆ ನನ್ನ ಅಂಗಡಿಯಲ್ಲಿ ಬಿ.ಪಿ. ಮಾತ್ರೆ. ನಂಜನಗೂಡಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನಿಗೆ ಇಂಥವು ತಪ್ಪುವುದಿಲ್ಲ. ಮಾತ್ರೆ ನಾನು ಕೊಡುತ್ತೇನೆ, ನುಂಗುವ ಕಾನೂನು ಗಿರಾಕಿಗಳೇ ಮಾಡಿಕೊಳ್ಳುತ್ತಾರೆ, ಬೈಗುಳ ಮತ್ತೆ ನನಗೇ ಬರುತ್ತದೆ.

೧. ಬಸ್ಸಿನ ದಿನ

ಗೌಡರಿಗೆ ಡಾಕ್ಟರು ಕೊಟ್ಟಿದ್ದು ನೀರಿನ ಮಾತ್ರೆ. ನುಂಗಿದರೆ ಪದೇ ಪದೇ ಒಂದಕ್ಕೆ ಹೋಗಬೇಕು. ಎಷ್ಟು ತಿಂಗಳಾದರೂ ಬಿ.ಪಿ. ಇಳಿಯಲಿಲ್ಲ. ಡಾಕ್ಟರು ಅರ್ಧವನ್ನು ಒಂದು ಮಾಡಿದರು, ಒಂದನ್ನು ಎರಡು ಮಾಡಿದರು. ಗೌಡರು ನನ್ನ ಕೌಂಟರಿಗೆ ಬಂದು, "ನಿಮ್ದು ಡೂಪ್ಲಿಕೇಟ್ ಮಾಲು ಕಣ್ರೀ ಸಾವ್ಕಾರ್ರೇ," ಎಂದರು, ನಾಲ್ಕು ಜನರ ಮುಂದೆ.

ನನಗೆ ಮೈಯೆಲ್ಲ ಉರಿಯಿತು. "ಇವತ್ತು ಮಾತ್ರೆ ತಗೊಂಡ್ರಾ?" ಎಂದೆ.

"ಇವತ್ತೆಂಗೆ ತಗಳಾದು? ಬಸ್ಸಲ್ಲಿ ಬರ್ಬೇಕಲ್ಲ. ದಾರೀಲಿ ನಿಮ್ಮಪ್ಪ ನಿಲ್ಲುಸ್ತಾನಾ?"

"ನಿನ್ನೆ?"

"ನಿನ್ನೇದು ಇವತ್ತಿಗೂ ಎಳೀತದೆ ಅಂತ ನಿನ್ನೇನೂ ಬಿಟ್ಟೆ."

ಡಾಕ್ಟರ ಹತ್ತಿರ ಬರುವ ದಿನವೆಲ್ಲ ಬಸ್ಸಿನ ದಿನ. ಹೀಗಾಗಿ ಡಾಕ್ಟರು ಇಷ್ಟು ದಿನವೂ ಅಳೆದದ್ದು ಮಾತ್ರೆ ನುಂಗದ ಗೌಡರನ್ನು. ಊರಿನಲ್ಲಿ ಡಬಲ್ ನುಂಗುತ್ತಿದ್ದ ಗೌಡರನ್ನು ಅವರು ನೋಡಿಯೇ ಇರಲಿಲ್ಲ.

೨. ತಂಗಿಗೊಂದು ನ್ಯಾಯ

ಬನ್ನೂರಿಗೆ ಕೊಟ್ಟ ತಂಗಿ ತವರಿಗೆ ಬಂದಾಗ ಅಣ್ಣತಂಗಿ ಮಾತ್ರೆಗಳನ್ನು ಚಾಪೆ ಮೇಲೆ ಸುರಿದು ಹೋಲಿಸಿ ನೋಡಿದರಂತೆ. ಆಕೆಗೂ ನೀರಿನ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ. ಮರುದಿನವೇ ಗೌಡರು ತಂಗಿಯ ಎರಡೂ ಸ್ಟ್ರಿಪ್ಪು ಹಿಡಿದು ಹಾಜರ್.

"ಅವ್ಳಿಗೆ ಕೊಟ್ಟವ್ರೆ, ನಂಗ್ಯಾಕಿಲ್ಲ?"

"ಗೌಡ್ರೇ, ನೀರಿನ ಮಾತ್ರೇಲಿ ಎರಡು ಜಾತಿ. ನಿಮ್ಮ ತಂಗಿದು ಕಾಲು ಊತಕ್ಕೆ ಕೊಡೋ ಜೋರಿಂದು, ಮೈಯಲ್ಲಿರೋ ಕ್ಯಾಲ್ಸಿಯಮ್ಮನ್ನೂ ಕೊಚ್ಚಿಕೊಂಡು ಹೋಗುತ್ತೆ. ಕಮ್ಮಿ ಆಯ್ತು ಅಂದ್ರೆ ಕುತ್ತಿಗೇಲಿರೋ ಗ್ರಂಥಿ ರಸ ಬಿಟ್ಟು ಮೂಳೆಯಿಂದ ಎಳ್ಕೊಳ್ಳುತ್ತೆ. ಅದಕ್ಕೇ ಆಕೆಗೆ ಮಾತ್ರೆ. ನಿಮ್ದು ನೀರು ಬಿಡುತ್ತೆ, ಕ್ಯಾಲ್ಸಿಯಂ ಬಿಡಲ್ಲ, ಒಳಗೇ ಇಟ್ಕೊಳ್ಳುತ್ತೆ. ಮೇಲಿಂದ ನೀವು ತಿನ್ಬೇಡಿ. ಚೀಟಿ ಇಲ್ಲದೆ ಕೊಡಲ್ಲ."

"ಮಾರಕ್ ಕುಂತವ್ರು ಮಾರಾಕಿಲ್ಲ ಅಂದ್ರೆ ಅಂಗ್ಡಿ ಯಾಕೆ?"

ತಂಗಿಯನ್ನು ಬಿಟ್ಟು ಬರುವ ನೆಪದಲ್ಲಿ ಟಿ. ನರಸೀಪುರಕ್ಕೆ ಹೋಗಿ, ಅಲ್ಲಿ ಮೂರು ತಿಂಗಳಿಗಾಗುವಷ್ಟು ಕೊಂಡರಂತೆ. ಒಂದು ವ್ಯಾಪಾರವೂ ಹೋಯಿತು, ಬುದ್ಧಿ ಹೇಳಿದ ಗಂಟಲಿನ ಪಸೆಯೂ ಹೋಯಿತು.

೩. ಕೈಯಿಂದ ಯಾಕೆ

ಎರಡೇ ತಿಂಗಳು. ಗೌಡರಿಗೆ ತಡೆಯಲಾರದ ಬಾಯಾರಿಕೆ, ಮಲಬದ್ಧತೆ, ಮಂಕು. ಹಾಲು ಕರೆದು ಚೊಂಬನ್ನು ಕೊಟ್ಟಿಗೆಯಲ್ಲೇ ಮರೆಯುತ್ತಿದ್ದರು. ಮೈಸೂರಿನಲ್ಲಿ ರಕ್ತ ನೋಡಿದರೆ ಕ್ಯಾಲ್ಸಿಯಂ ಮೇಲಕ್ಕೆ ಏರಿತ್ತು. ಗ್ರಂಥಿ ಕೆಟ್ಟಿದ್ದರೆ ಕುತ್ತಿಗೆ ಆಪರೇಷನ್, ಮೊದಲು ರಕ್ತದಲ್ಲಿ ಅದರ ರಸ ಅಳೆಯೋಣ ಅಂದರು. ಗೌಡರು ತೋಳು ಮುಚ್ಚಿಕೊಂಡರಂತೆ: "ಕಾಯ್ಲೆ ಕುತ್ಗೇಲಿ, ರಕ್ತ ತೋಳ್ನಾಗೆ. ಇದ್ಯಾವ್ ಲೆಕ್ಕ ಸಾ?"

ಕೊನೆಗೂ ರಕ್ತ ಕೊಟ್ಟು, ರಿಪೋರ್ಟು ಹಿಡಿದುಕೊಂಡು ನಂಜನಗೂಡಿನ ಡಾಕ್ಟರ ಬಳಿ ಬಂದರು. ಔಷಧಿ ಕೊಡಲು ಹೋದ ನಾನೂ ಅಲ್ಲೇ ನಿಂತಿದ್ದೆ. ಗ್ರಂಥಿಯ ರಸ ತೀರಾ ಕಮ್ಮಿ. ಡಾಕ್ಟರು, "ಗ್ರಂಥಿ ಕೆಟ್ಟಿದ್ರೆ ರಸ ಜಾಸ್ತಿ ಇರ್ಬೇಕಿತ್ತು. ಅದು ಪಾಪ ಬಾಯಿ ಮುಚ್ಕೊಂಡು ಕೂತಿದೆ. ಕ್ಯಾಲ್ಸಿಯಂ ಹೊರಗಿಂದ ಬರ್ತಿದೆ. ಏನೇನು ತಿಂತೀರಿ ಹೇಳಿ," ಎಂದರು.

"ಏನಿಲ್ಲ ಸಾ. ಮುದ್ದೆ, ಅನ್ನ."

"ಹಾಲು?"

"ಬಾಯಾರಿದ್ರೆ ಒಂದೊಂದು ಚೊಂಬು. ಮನೇದೇ ಅಲ್ವಾ."

"ಎಲೆ ಅಡಿಕೆ?"

"ದಿನುಕ್ಕೆ ಇಪ್ಪತ್ತು ಸಲ."

"ಸುಣ್ಣ?"

"ಸುಣ್ಣ ಎಲೆಗ್ ಹಾಕಾದು ಸಾ, ನಾನ್ ತಿನ್ನಾಕಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಸುಮ್ಮನಿರಲಾರದೆ ನರಸೀಪುರದ ಕ್ಯಾಲ್ಸಿಯಂ ವಿಷಯ ಹೇಳಿಬಿಟ್ಟೆ. ಗೌಡರು ನನ್ನ ಕಡೆ ತಿರುಗಿ, "ಗಿರಾಕಿ ಗುಟ್ಟು ಹೊರಗಾಕ್ತೀರಲ್ಲ, ನೀವೂ ಒಬ್ರು ವ್ಯಾಪಾರಸ್ಥರಾ?" ಎಂದರು.

೪. ವಾಪಸ್ ಮಾಲು

ನೀರಿನ ಮಾತ್ರೆ ಬದಲಾಯಿತು. ಕ್ಯಾಲ್ಸಿಯಂ, ಸುಣ್ಣ ನಿಂತವು. ಹಾಲು ಒಂದು ಲೋಟಕ್ಕೆ ಇಳಿಯಿತು. ಒಂದು ವಾರ ಆಸ್ಪತ್ರೆಯಲ್ಲಿ ಬಾಟಲಿ ಹಾಕಿಸಿಕೊಂಡು ಮಲಗಿದರು. ತಿಂಗಳೊಳಗೆ ರಕ್ತ ಸರಿಹೋಯಿತು, ಗ್ರಂಥಿಯೂ ಮತ್ತೆ ಕೆಲಸಕ್ಕೆ ಹತ್ತಿತು. ಕುತ್ತಿಗೆಗೆ ಯಾರೂ ಕೈ ಹಚ್ಚಲಿಲ್ಲ.

ಥ್ಯಾಂಕ್ಸ್ ಹೇಳಲು ಬಂದರೆಂದುಕೊಂಡೆ. ಗೌಡರು ಕೌಂಟರ್ ಮೇಲೆ ಒಂದು ಪೊಟ್ಟಣ ಬಿಚ್ಚಿದರು. ಕತ್ತರಿಸಿದ ಸ್ಟ್ರಿಪ್ಪುಗಳು, ಇಪ್ಪತ್ತೆರಡು ಕ್ಯಾಲ್ಸಿಯಂ ಮಾತ್ರೆ.

"ಉಳಿದವೆ. ದುಡ್ ಕೊಡಿ."

"ಗೌಡ್ರೇ, ಇವು ನರಸೀಪುರದವು!"

"ಅಲ್ಲಿಗೋಗಕ್ಕೆ ಬಸ್ ಚಾರ್ಜ್ ಆಯ್ತದೆ. ಅಲ್ದೆ ತಿನ್ಬೇಡ ಅಂತ ಮೊದ್ಲು ಹೇಳ್ದೋರು ನೀವು. ನೀವೇ ವಾಪಸ್ ತಗಬೇಕು."

ಪೈಸೆ ಬಿಚ್ಚಲಿಲ್ಲ ನಾನು. ಗೌಡರು ಪೊಟ್ಟಣವನ್ನು ನನ್ನತ್ತ ತಳ್ಳಿ, "ಓಗ್ಲಿ, ಮಂಡಿ ನೋವು ಅಂತೀರಲ್ಲ, ನೀವೇ ತಿನ್ನಿ," ಎಂದು ದೊಡ್ಡ ಮನಸ್ಸು ಮಾಡಿ ಹೊರಟರು.

ಒಟ್ಟು ಲೆಕ್ಕ ಇಷ್ಟು. ಗೌಡರಿಗೆ ಉಳಿದದ್ದು ಇಡೀ ಕುತ್ತಿಗೆ. ನನಗೆ ದಕ್ಕಿದ್ದು ಇಪ್ಪತ್ತೆರಡು ಮಾತ್ರೆ. ಬ್ಯಾಚ್ ನಂಬರ್ ಇಲ್ಲ, ಮಾರುವಂತಿಲ್ಲ. ನನಗೂ ಬಿ.ಪಿ.ಗೆ ಗೌಡರು ಬಿಟ್ಟ ಜಾತಿಯದೇ ನೀರಿನ ಮಾತ್ರೆ, ತಿನ್ನುವಂತೆಯೂ ಇಲ್ಲ.