ನಿಧಾನಪ್ಪನ ನಿಲ್ಲದ ಸೈರನ್

ಎಲ್ಲದಕ್ಕೂ ಮೂಲ ಒಂದು ಗೇಣುದ್ದದ ವೈರು. ಠಾಣೆಯ ಫೈರ್ ಎಂಜಿನ್ನಿನ ಸೈರನ್ ಎರಡು ದಿನದಿಂದ ಗಂಟಲು ಕಟ್ಟಿದ ಮುದುಕನ ಹಾಗೆ ಗೊರಗೊರ ಅನ್ನುತ್ತಿತ್ತು. ಅದನ್ನು ಸರಿ ಮಾಡುತ್ತೇನೆಂದು ಡಂಗುರ ಬೆಳಿಗ್ಗೆ ಬೆಳಿಗ್ಗೆಯೇ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ. ಡಂಗುರ ಅಂದರೆ ಠಾಣೆಯಲ್ಲಿ ನೀರಿನ ಪೈಪು ಹಿಡಿಯುವವನು. ಅವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಹಬ್ಬುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಯಾವುದೋ ವೈರನ್ನು ಇನ್ಯಾವುದಕ್ಕೋ ಗಂಟು ಹಾಕಿ, ಮೇಲೆ ಕರಿ ಟೇಪು ಸುತ್ತಿ, "ಈಗ ನೋಡಿ, ಹೆಂಗೆ ಹಾಡುತ್ತೆ!" ಅಂದ.

ಹಾಡಿತು. ಕೀಲಿ ತಿರುಗಿಸಿದ ಕ್ಷಣದಿಂದ ಹಾಡಿತು. ಬಟನ್ ಒತ್ತಿದರೂ ಹಾಡಿತು, ಬಿಟ್ಟರೂ ಹಾಡಿತು. ಗಾಡಿ ಆಫ್ ಮಾಡಿದಾಗ ಮಾತ್ರ ಬಾಯಿ ಮುಚ್ಚಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಗೋಳು. ಟೇಪು ಬಿಚ್ಚಿ ವೈರು ಕಿತ್ತರೆ ಗಾಡಿಯೇ ಚಾಲೂ ಆಗಲಿಲ್ಲ.

"ಒಂದೇ ಕೀಲೀಲಿ ಎರಡು ಕೆಲಸ ಆಯ್ತಲ್ಲ" ಅಂದ ಡಂಗುರ, ಹೆಮ್ಮೆಯಿಂದಲೇ.

ಗಾಡಿಯ ಡ್ರೈವರು ನಿಧಾನಪ್ಪ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟ.

ನಿಧಾನಪ್ಪ ಅವನ ಹೆತ್ತವರು ಇಟ್ಟ ಹೆಸರಲ್ಲ, ಠಾಣೆಯವರು ಕೊಟ್ಟ ಬಿರುದು. ಎಂಥ ಬೆಂಕಿಗೆ ಹೊರಟರೂ ಕೆಂಪು ದೀಪ ಕಂಡರೆ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಮುಂದೆ ಹೋಗುವ ಜಾಯಮಾನ ಅವನದು. "ಸೈರನ್ನು ದಾರಿ ಕೇಳುತ್ತೆ ಅಷ್ಟೇ ಕಣ್ರೋ, ಕೊಡೋರು ಕೊಡಬೇಕು" ಅನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಹೊರಗೆ ಹೀಗೆ ಶಾಂತಮೂರ್ತಿಯಾದರೂ ಒಳಗೆ ಅವನ ನರಗಳು ಒಗೆದು ಹಿಂಡಿದ ಬಟ್ಟೆಯಾಗಿದ್ದವು. ಮನೆಯ ಕರೆಗಂಟೆ ಬಾರಿಸಿದರೆ ಬೂಟು ಹುಡುಕುತ್ತಿದ್ದ. ಪಾತ್ರೆ ಬಿದ್ದರೆ ಬಾಗಿಲಿಗೆ ಓಡುತ್ತಿದ್ದ. ನಿದ್ದೆಯಲ್ಲಿ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ. "ಈ ಸಲ ಆ ಕೆಲಸ ಸಿಗದೇ ಇದ್ರೆ ನಾನು ಅಮ್ಮನ ಮನೆಗೆ ಹೋಗಿ ನಿದ್ದೆನಾದ್ರೂ ಮಾಡ್ತೀನಿ" ಎಂದು ಹೆಂಡತಿ ಹೇಳಿಯೂ ಆಗಿತ್ತು.

ಆ ಕೆಲಸ ಅಂದರೆ ಫೈರ್ ಎಂಜಿನ್ನು, ಆಂಬುಲೆನ್ಸು ಓಡಿಸುವವರ ತರಬೇತಿ ಕೇಂದ್ರದಲ್ಲಿ ಮೇಷ್ಟರ ಹುದ್ದೆ. ಒಂದು ಕುರ್ಚಿ, ಒಂದು ಮೇಜು, ಒಂದು ಕಪ್ಪುಹಲಗೆ. ಸೈರನ್ನಿನ ಚಿತ್ರ ಬರೆದು ತೋರಿಸಿದರೆ ಸಾಕು, ಅದು ಕೂಗುವುದಿಲ್ಲ. ನಿಧಾನಪ್ಪನ ಹೆಸರು ಮೇಲಿನವರೆಗೂ ಹೋಗಿತ್ತು. ಆ ದಿನ ಸಂಜೆಯೇ ತೀರ್ಮಾನ. ಷರತ್ತು ಒಂದೇ: ಅಲ್ಲಿಯವರೆಗೆ ಅವನ ಮೇಲೆ ಸಾರ್ವಜನಿಕರಿಂದ ಒಂದೇ ಒಂದು ದೂರೂ ಬರಬಾರದು.

"ವರ್ಕ್‌ಶಾಪಿಗೆ ತಗೊಂಡು ಹೋಗಯ್ಯಾ" ಅಂದರು ಠಾಣಾಧಿಕಾರಿಗಳು, ಎರಡೂ ಕಿವಿಗೆ ಬೆರಳಿಟ್ಟುಕೊಂಡು.

"ಎಳ್ಕೊಂಡು ಹೋಗೋ ಗಾಡಿ ಕರೆಸಿ ಸರ್."

"ಅದೇ ರಿಪೇರಿಗೆ ಹೋಗಿ ವರ್ಕ್‌ಶಾಪಲ್ಲಿ ನಿಂತಿದೆ. ನೋಡು, ಇದು ಬೆಂಕಿ ಕರೆ ಅಲ್ಲ. ಸಿಗ್ನಲ್ ಹಾರಿಸ್ಬೇಡ, ಓಡಿಸ್ಬೇಡ, ಯಾರ ಹತ್ರಾನೂ ದಾರಿ ಕೇಳ್ಬೇಡ. ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ ಬಾ."

ಕೆಂಪು ಬಣ್ಣದ, ಮನೆಯಷ್ಟು ದೊಡ್ಡ, ಊರು ಕಿತ್ತುಹೋಗುವ ಹಾಗೆ ಅರಚುವ ಗಾಡಿಯನ್ನು ಯಾರ ಕಣ್ಣಿಗೂ ಬೀಳದಂತೆ ಒಯ್ಯುವುದು ಹೇಗೆ ಎಂದು ನಿಧಾನಪ್ಪ ಕೇಳಲಿಲ್ಲ. ಅಧಿಕಾರಿಯ ಮುಂದೆ, ಕತ್ತೆಯ ಹಿಂದೆ ಹೋಗಬಾರದೆಂದು ದೊಡ್ಡವರು ಹೇಳಿದ್ದಾರೆ. ಟೈರು ಒದ್ದು ನೋಡಿದ, ಬ್ರೇಕು ತುಳಿದು ನೋಡಿದ, ಅರೆತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಿ ತಿರುವಿನಲ್ಲಿ ಗಾಡಿಯನ್ನೇ ಮಗುಚುತ್ತದೆಂದು ಟ್ಯಾಂಕನ್ನು ಪೂರ್ತಿ ತುಂಬಿಸಿದ. ಡಂಗುರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ತಿರುಗಿಸಿದ.

ಮೊದಲ ಸಿಗ್ನಲ್ಲು ಬರುವವರೆಗೆ ಪರವಾಗಿರಲಿಲ್ಲ. ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ನಿಧಾನಪ್ಪ ಸೈಕಲ್ಲಿನ ವೇಗದಲ್ಲಿ ಅದರಲ್ಲಿ ಹೋದ. ಅಷ್ಟರಲ್ಲಿ ದೀಪ ಕೆಂಪಾಯಿತು. ಮುಂದಿದ್ದ ಕಾರುಗಳಲ್ಲಿ ಒಂದು ಗಾಬರಿಬಿದ್ದು ಫುಟ್‌ಪಾತ್ ಹತ್ತಿತು, ಇನ್ನೊಂದು ಅಂಗಡಿಯ ಮೆಟ್ಟಿಲಿಗೆ ಮೂತಿ ತಾಗಿಸಿತು. ರಾಜಬೀದಿಯಂಥ ದಾರಿ ತೆರೆಯಿತು. ನಿಧಾನಪ್ಪ ಬಿಳಿ ಗೆರೆಯ ಹಿಂದೆ ನಿಲ್ಲಿಸಿ ಕೈ ಕಟ್ಟಿ ಕೂತ. ಸೈರನ್ನು ಬೊಬ್ಬೆ ಹಾಕುತ್ತಲೇ ಇತ್ತು.

ಪಕ್ಕದ ಬಸ್ಸಿನ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. "ಅಣ್ಣಾ! ಅಲ್ಲಿ ಯಾರ್ದೋ ಮನೆ ಉರೀತಿದೆ, ಇಲ್ಲಿ ನೀನು ದೀಪ ನೋಡ್ತಾ ಕೂತಿದೀಯಲ್ಲ!"

"ಕೆಂಪು ಇದೆ" ಅಂದ ನಿಧಾನಪ್ಪ, ದೀಪದ ಕಡೆ ಬೆರಳು ತೋರಿಸಿ.

"ಬೆಂಕಿನೂ ಕೆಂಪಗೇ ಇರುತ್ತೆ! ಹೋಗಯ್ಯಾ!"

ಹಿಂದಿನ ಕಾರಿನಿಂದ ಒಬ್ಬ ಅಜ್ಜಿ ಇಳಿದು ಬಂದು ಕೊಡೆಯಿಂದ ಬಾಗಿಲು ಬಡಿದರು. "ಹೊಟ್ಟೆಗೆ ಏನು ತಿಂತೀಯೋ? ನಿಮ್ಮಮ್ಮನ ಮನೆ ಉರಿದಿದ್ರೆ ಹೀಗೆ ಕೂತಿರ್ತಿದ್ಯಾ?"

ಕೊಡೆಯ ಒಂದೊಂದು ಏಟೂ ನಿಧಾನಪ್ಪನಿಗೆ ಒಂದೊಂದು ದೂರಿನ ಹಾಗೆ ಕೇಳಿಸಿತು. ಅವನು ಬೆಂಕಿ ಇಲ್ಲವೆಂದು ಗಂಟಲು ಹರಿಯುವ ಹಾಗೆ ಕೂಗಿದ. ಸೈರನ್ನಿನ ಮುಂದೆ ಅವನ ದನಿ ಎಲ್ಲಿ ಕೇಳಬೇಕು! ಆಗ ಡಂಗುರ ಸಹಾಯಕ್ಕೆ ಬಂದ. ಕಿಟಕಿಯಿಂದ ಮೇಲಕ್ಕೆದ್ದು, ಬಾಯಿಗೆ ಎರಡೂ ಕೈ ಹಿಡಿದು, "ವರ್ಕ್‌ಶಾಪಿಗೆ ಹೊರಟಿದೀವಿ! ವರ್ಕ್‌ಶಾಪಿಗೆ!" ಎಂದು ಸಾರಿದ.

ಅದು ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. "ವರ್ಕ್‌ಶಾಪಿಗೆ ಬೆಂಕಿಯಂತೆ! ಈ ಆಸಾಮಿ ನಾಳೆ ಮುಟ್ತಾನೆ, ನಾವೇ ಹೋಗೋಣ ಬನ್ರೋ!" ಎಂದು ಒಬ್ಬ ಬೈಕಿನವನು ಹೊರಟ. ಅವನ ಹಿಂದೆ ಇನ್ನಷ್ಟು ಬೈಕುಗಳು ಬುರ್ರೆಂದವು.

"ನೋಡಿದ್ರಾ? ದಾರಿ ಖಾಲಿ ಮಾಡಿಸ್ದೆ" ಅಂದ ಡಂಗುರ.

ಎರಡನೆಯ ಸಿಗ್ನಲ್ಲು ಇಳಿಜಾರಿನ ತಲೆಯ ಮೇಲಿತ್ತು. ಈ ಸಲ ನಿಧಾನಪ್ಪ ಬುದ್ಧಿವಂತಿಕೆ ಮಾಡಿದ. ದೀಪ ಕೆಂಪಾದ ಕೂಡಲೇ ಗಾಡಿಯನ್ನೇ ಆಫ್ ಮಾಡಿದ. ಸೈರನ್ನು ನಿಂತಿತು. ಆ ಮೌನ ಎಷ್ಟು ಸುಖವಾಗಿತ್ತೆಂದರೆ ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ತಪ್ಪಾದದ್ದು ಅಲ್ಲೇ.

"ಡ್ರೈವರ್ ಹೋಗ್ಬಿಟ್ಟ!" ಎಂದು ಯಾರೋ ಕಿರುಚಿದರು.

ಬಾಗಿಲು ತೆರೆಯಿತು, ಮುಖಕ್ಕೆ ನೀರು ಬಿತ್ತು, ಒಬ್ಬ ಅಂಗಿಯ ಗುಂಡಿ ಬಿಚ್ಚಿದ, ಇನ್ನೊಬ್ಬ ಅಂಗಾಲು ತಿಕ್ಕಲು ಬೂಟು ಎಳೆದ. "ನಾನು ಬದುಕಿದೀನಿ ಕಣ್ರೀ!" ಎಂದು ನಿಧಾನಪ್ಪ ಒದ್ದಾಡಿ ಎದ್ದು ಕೀಲಿ ತಿರುಗಿಸಿದರೆ ಗಾಡಿ ಕೆಮ್ಮಿತೇ ಹೊರತು ಚಾಲೂ ಆಗಲಿಲ್ಲ. ಅದೇ ಹೊತ್ತಿಗೆ ಜೇಬಿನ ಫೋನು ಬಡಿದುಕೊಂಡಿತು. ಸ್ಟೀರಿಂಗ್ ಮುಂದೆ ಕೂತವನು ಫೋನು ಮುಟ್ಟಬಾರದು. ನಿಧಾನಪ್ಪ ಮುಟ್ಟಲಿಲ್ಲ, ಡಂಗುರನೇ ಜೇಬಿಗೆ ಕೈ ಹಾಕಿ ತೆಗೆದ.

"ಅತ್ತಿಗೇ, ಹೇಳಿ... ಬೆಂಕಿನಾ? ಹಾಂ, ವರ್ಕ್‌ಶಾಪಿಗೇ ಹೊರಟಿದೀವಿ... ಏನು?" ಅವನು ನಿಧಾನಪ್ಪನ ಕಡೆ ತಿರುಗಿದ. "ನಿಮ್ಮ ಪಕ್ಕದ ಮನೆಯೋರೆಲ್ಲ ಬಕೆಟ್ ಹಿಡ್ಕೊಂಡು ಓಡ್ತಿದಾರಂತೆ. ನಿಮ್ಮನೆ ಬಕೆಟ್ಟೂ ಹೋಯ್ತಂತೆ."

"ಬೆಂಕಿ ಇಲ್ಲ ಅಂತ ಹೇಳೋ!"

"ಅತ್ತಿಗೆ ಫೋನ್ ಇಟ್ಬಿಟ್ರು. ಅವರೂ ಹೊರಟ್ರು ಅನ್ಸುತ್ತೆ."

ಅಷ್ಟರಲ್ಲಿ ಊರವರು ಗಾಡಿಯ ಹಿಂದೆ ಹೆಗಲು ಕೊಟ್ಟು ನಿಂತಿದ್ದರು. ಟ್ಯಾಂಕು ತುಂಬ ನೀರು. ಆದರೂ ಇಳಿಜಾರಿನ ಕೃಪೆಯಿಂದ ಗಾಡಿ ಮೆಲ್ಲಗೆ ಉರುಳಿತು, ಒಮ್ಮೆ ಜಗ್ಗಿತು, ಚಾಲೂ ಆಯಿತು. ಅದರ ಜೊತೆಗೇ ಸೈರನ್ನು ಎಂಥ ಕೂಗು ಹಾಕಿತೆಂದರೆ ತಳ್ಳುತ್ತಿದ್ದವರು ಸಾಲಾಗಿ ಹಿಂದಕ್ಕೆ ಕೂತರು. ಕನ್ನಡಿಯಲ್ಲಿ ಅದನ್ನು ಕಂಡ ನಿಧಾನಪ್ಪನ ಕಣ್ಣಿಗೆ ಆ ಕುರ್ಚಿ, ಆ ಮೇಜು ದೂರ ಸರಿಯುತ್ತಿರುವುದು ಕಂಡಿತು. 'ಮುಗೀತು, ಇವರಲ್ಲಿ ಒಬ್ಬನಾದರೂ ದೂರು ಕೊಡದೇ ಇರ್ತಾನಾ?' ಎಂದುಕೊಂಡ.

ವರ್ಕ್‌ಶಾಪಿನ ಗಲ್ಲಿಗೆ ಬಂದಾಗ ಅಲ್ಲಿ ಜಾತ್ರೆಯೇ ನೆರೆದಿತ್ತು. ಕೊಳಾಯಿಯಿಂದ ಬಾಗಿಲವರೆಗೆ ಜನ ಸಾಲು ನಿಂತು ಕೈಯಿಂದ ಕೈಗೆ ಬಕೆಟ್ಟು ದಾಟಿಸುತ್ತಿದ್ದರು. ಒಳಗೆ ನೀರು ಮೊಣಕಾಲು ಮುಟ್ಟಿತ್ತು. ಆ ನೀರಿನ ನಡುವೆ ತನ್ನ ಹೆಂಡತಿಯೂ ಸೆರಗು ಸಿಕ್ಕಿಸಿ ನಿಂತದ್ದು ನಿಧಾನಪ್ಪನಿಗೆ ಕಂಡಿತು. ಗಾಡಿ ಕಂಡದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಕೈ ಬೀಸಿದರು.

"ರಿವರ್ಸ್ ಹಾಕಿ! ಬರ್ಲಿ, ಬರ್ಲಿ! ಬಲಕ್ಕೆ!"

"ಬಲಕ್ಕಲ್ಲ, ಎಡಕ್ಕೆ ಹೊಡೀರಿ!"

"ಹಿಂದೆ ಒಬ್ಬನೇ ನಿಂತು ದಾರಿ ತೋರಿಸ್ಬೇಕು, ಒಬ್ಬನೇ! ಇಲ್ದಿದ್ರೆ ಒಂದು ಇಂಚೂ ಹಿಂದೆ ಹೋಗಲ್ಲ" ಎಂದು ನಿಧಾನಪ್ಪ ಹಟ ಹಿಡಿದ. ಯಾರು ಆ ಒಬ್ಬ ಅನ್ನುವುದಕ್ಕೆ ಅಲ್ಲೇ ಜಗಳ ಹತ್ತಿತು. ಅವನು ಗಾಡಿ ಆಫ್ ಮಾಡಿ, ಚಕ್ರಕ್ಕೆ ಅಡ್ಡಮರ ಕೊಟ್ಟು, ಇಳಿದು ಬಂದ.

ಒಳಗಿನಿಂದ ಮೆಕ್ಯಾನಿಕ್ಕು ನೀರು ಸುರಿಸಿಕೊಂಡು ಹೊರಗೆ ಬಂದ. "ಬೆಂಕಿ ಎಲ್ರೀ? ಎಲ್ಲಿ ಬೆಂಕಿ?"

"ಬೆಂಕಿ ಇಲ್ಲ. ಸೈರನ್ ರಿಪೇರಿ ಇತ್ತು" ಅಂದ ನಿಧಾನಪ್ಪ ಮೆಲ್ಲಗೆ.

"ರಿಪೇರಿನಾ? ಮೆಷಿನ್ನೆಲ್ಲಾ ಈಜಾಡ್ತಿವೆ, ಯಾವುದ್ರಲ್ಲಿ ಮಾಡ್ಲಿ ರಿಪೇರಿ? ದೂರು ಕೊಡ್ತೀನಿ! ಈಗ್ಲೇ ಕೊಡ್ತೀನಿ, ನಿಮ್ಮ ಮೇಲೇ!"

ಆಗ ಮೊದಲ ಸಿಗ್ನಲ್ಲಿನ ಕೊಡೆಯ ಅಜ್ಜಿ ಸಾಲಿನಿಂದ ಮುಂದೆ ಬಂದರು. "ಬೆಂಕಿ ಇಲ್ದೆ ಹೊಗೆ ಬರುತ್ತೇನೋ? ನಾನು ಬಂದಾಗ ಆ ಎಣ್ಣೆ ಡಬ್ಬಗಳ ಹಿಂದಿಂದ ಹೊಗೆ ಏಳ್ತಿತ್ತು. ಕಣ್ಣಾರೆ ಕಂಡೆ."

"ಅದು ನನ್ನ ಸಿಗ..." ಎಂದ ಮೆಕ್ಯಾನಿಕ್ಕು ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ. ಡೀಸೆಲ್ ಡಬ್ಬಗಳ ಹಿಂದೆ ಕೂತು ಸಿಗರೇಟು ಸೇದುತ್ತಿದ್ದೆನೆಂದು ಒಪ್ಪಿಕೊಂಡರೆ ಕೆಲಸಕ್ಕೇ ಬೆಂಕಿ ಬೀಳುತ್ತಿತ್ತು. ಒಂದು ಕ್ಷಣ ಯೋಚಿಸಿ, "ಹೂಂ ಕಣಜ್ಜೀ, ಸಣ್ಣದಾಗಿ ಹೊತ್ಕೊಂಡಿತ್ತು. ನೀವೆಲ್ಲ ಬಂದು ಉಳಿಸಿದ್ರಿ" ಅಂದ. ಜನ ಚಪ್ಪಾಳೆ ತಟ್ಟಿದರು. ಸೈರನ್ನು ಮಾತ್ರ ರಿಪೇರಿಯಾಗಲಿಲ್ಲ.

ಹಾಗೇ ಅರಚಿಸಿಕೊಂಡು, ಹಾಗೇ ಎಲ್ಲ ಸಿಗ್ನಲ್ಲಿಗೂ ನಿಂತುಕೊಂಡು ಠಾಣೆಗೆ ಮರಳುವಷ್ಟರಲ್ಲಿ ಸಂಜೆಯಾಗಿತ್ತು. ಠಾಣಾಧಿಕಾರಿಗಳು ಬಾಗಿಲಲ್ಲೇ ಕಾಯುತ್ತಿದ್ದರು.

"ಒಳಗೆ ಬಾ. ಬೆಳಿಗ್ಗೆಯಿಂದ ಫೋನು ಬಿಡುವಿಲ್ದೆ ಬಡ್ಕೊಳ್ತಿದೆ. ಎಲ್ಲಾ ನಿನ್ನ ವಿಷಯವೇ."

"ಗೊತ್ತು ಸರ್" ಅಂದ ನಿಧಾನಪ್ಪ. "ಎಷ್ಟು ದೂರು ಬಂತು ಸರ್?"

"ದೂರಾ? ಹೊಗಳಿಕೆ ಕಣಯ್ಯಾ! ಬೆಂಕಿಗೆ ಹೋಗುವಾಗಲೂ ಕೆಂಪು ದೀಪಕ್ಕೆ ನಿಲ್ಲೋ ಡ್ರೈವರನ್ನ ಜನ್ಮದಲ್ಲಿ ನೋಡಿರ್ಲಿಲ್ಲ ಅಂತ ಒಬ್ಬ ಬಸ್ ಡ್ರೈವರೇ ಫೋನ್ ಮಾಡಿದ್ದ. ಕೊಡೆಯಲ್ಲಿ ಹೊಡೆದದ್ದಕ್ಕೆ ಕ್ಷಮಿಸು ಅಂತ ಒಬ್ಬರು ಅಜ್ಜಿ."

"ಸರ್, ಅಲ್ಲಿ ಬೆಂಕಿ ಇರ್ಲಿಲ್ಲ."

"ಶ್! ಬಾಯಿ ಮುಚ್ಚು. ಇತ್ತು ಅಂತ ಮೇಲಕ್ಕೆ ವರದಿ ಹೋಗಿದೆ. ಈಗ ಇರ್ಲಿಲ್ಲ ಅಂದ್ರೆ ಉರಿಯೋನು ನಾನು." ಅಧಿಕಾರಿಗಳು ಅವನ ಭುಜ ತಟ್ಟಿದರು. "ಮೇಲಿನವರಿಗೆ ಎಷ್ಟು ಸಂತೋಷ ಆಗಿದೆ ಗೊತ್ತಾ? ಮೇಷ್ಟರ ಹುದ್ದೆ ನಿನಗೇ!"

ನಿಧಾನಪ್ಪನ ಕಣ್ಣು ತುಂಬಿ ಬಂತು. "ಯಾವತ್ತು ಹೋಗ್ಲಿ ಸರ್, ತರಬೇತಿ ಕೇಂದ್ರಕ್ಕೆ? ನಾಳೆನೇ ಹೋಗ್ಲಾ?"

"ಕೇಂದ್ರಕ್ಕೆ ಯಾಕೆ ಹೋಗ್ತೀಯ? ನಾಲ್ಕು ಗೋಡೆ ಮಧ್ಯೆ ಹೇಳೋ ಪಾಠ ಯಾರ ತಲೆಗೆ ಹತ್ತುತ್ತೆ? ಕಪ್ಪುಹಲಗೆ ಬೇಡ, ಇವನು ರಸ್ತೆಯಲ್ಲೇ ಪಾಠ ಮಾಡ್ಲಿ ಅಂದಿದಾರೆ. ನಾಳೆಯಿಂದ ಬೆಳಿಗ್ಗೆ ಹೊರಟ್ರೆ ಸಂಜೆವರೆಗೂ ಊರು ಸುತ್ತೋದು. ಸೈರನ್ ಹಾಕ್ಕೊಂಡು ಸಿಗ್ನಲ್ ಸಿಗ್ನಲ್ಲಿಗೂ ನಿಲ್ಲೋದು. ಹಿಂದೆ ಬಸ್ಸಲ್ಲಿ ಹೊಸ ಡ್ರೈವರುಗಳು ನೋಡಿ ಕಲೀತಾ ಬರ್ತಾರೆ."

"ಸರ್... ಸೈರನ್ನು ರಿಪೇರಿ?"

"ಅದನ್ನ ಯಾರೂ ಮುಟ್ಟಕೂಡ್ದು ಅಂತ ಆದೇಶ. ಗಾಡಿ ಓಡ್ತಿರೋವರೆಗೂ ಅದು ಕೂಗ್ತಿರ್ಬೇಕು. ಅದು ನಿಂತ್ರೆ ಪಾಠ ಎಲ್ಲಿ?"

ನಿಧಾನಪ್ಪ ಹೊರಗೆ ಬಂದು ಗೋಡೆ ಹಿಡಿದು ನಿಂತ. ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಏನಾಯ್ತು? ಕೆಲಸ ಸಿಕ್ತಾ?"

"ಸಿಕ್ತು."

"ಸದ್ಯ! ಇನ್ನು ಆ ದರಿದ್ರ ಸದ್ದಿನ ಕಾಟ ತಪ್ಪಿತಲ್ಲ!"

ಅಂಗಳದಲ್ಲಿ ಡಂಗುರ ಗಾಡಿ ಹತ್ತಿ, ನಾಳೆಗೆ ಎಲ್ಲ ಸರಿಯಿದೆಯೇ ನೋಡೋಣವೆಂದು ಕೀಲಿ ತಿರುಗಿಸಿದ. ಠಾಣೆಯ ಕಿಟಕಿಗಳು ಅದುರಿದವು.

"ಅಯ್ಯೋ, ಏನ್ರೀ ಅದು?" ಎಂದು ಹೆಂಡತಿ ಚೀರಿದಳು.

"ಪಾಠ ಕಣೇ" ಅಂದ ನಿಧಾನಪ್ಪ.